ಮೂರು ಸೋಲು, ಆಮೇಲೆ ನಾಲ್ಕು ರಾತ್ರಿ

ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಅತಿ ಹೆಚ್ಚು ಮಾತಿಗೆ ಬರುವ ಸರಣಿಗಳಲ್ಲಿ 2004ರ ಅಮೆರಿಕನ್ ಲೀಗ್ ಚಾಂಪಿಯನ್‌ಷಿಪ್ ಒಂದು. ಅಕ್ಟೋಬರ್ 12ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಶುರುವಾದ ಅದು, 20ರ ನಡುರಾತ್ರಿ ಅದೇ ಅಂಗಳದಲ್ಲಿ ಮುಗಿಯಿತು. ಎದುರಾದವರು ನ್ಯೂಯಾರ್ಕ್ ಯಾಂಕೀಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಅಂದರೆ ಆ ದೇಶದ ಬೇಸ್‌ಬಾಲ್ ಫೈನಲ್‌ಗೆ ಹೋಗುತ್ತಾರೆ. ಬಾಸ್ಟನ್ ಮೊದಲ ಮೂರು ಪಂದ್ಯಗಳನ್ನೂ ಸೋತಿತು, ಉಳಿದ ನಾಲ್ಕನ್ನೂ ಗೆದ್ದಿತು. ಅದಕ್ಕೆ ಮೊದಲು ಏಳು ಪಂದ್ಯಗಳ ಸರಣಿಯಲ್ಲಿ 0–3ರಿಂದ ಹಿಂದೆ ಬಿದ್ದಿದ್ದ 25 ತಂಡಗಳಲ್ಲಿ ಒಂದಾದರೂ ಸರಣಿ ಗೆಲ್ಲುವುದಿರಲಿ, ಏಳನೇ ಪಂದ್ಯದವರೆಗೂ ಬಂದಿರಲಿಲ್ಲ.

ಬೇಸ್‌ಬಾಲ್ ನೋಡದವರಿಗೂ ಈ ಸರಣಿಯ ರುಚಿ ಸಿಗಬೇಕಾದರೆ ನಾಲ್ಕಾರು ನಿಯಮಗಳು ಗೊತ್ತಿದ್ದರೆ ಸಾಕು. ಬ್ಯಾಟ್ ಮಾಡುವವನ ಕಾಲ ಬಳಿ ಹೋಮ್ ಪ್ಲೇಟ್. ಅಲ್ಲಿಂದ ಚೌಕಾಕಾರದಲ್ಲಿ ಮೂರು ಬೇಸ್‌ಗಳು, ಒಂದರಿಂದ ಇನ್ನೊಂದಕ್ಕೆ 27.4 ಮೀಟರ್. ಮೂರನ್ನೂ ಮುಟ್ಟಿ ಪ್ಲೇಟ್‌ಗೆ ಮರಳಿದರೆ ಒಂದು ರನ್. ಚೆಂಡು ನೇರವಾಗಿ ಬೇಲಿ ದಾಟಿದರೆ ಹೋಮ್ ರನ್. ಆಗ ಬೇಸ್‌ಗಳ ಮೇಲೆ ನಿಂತಿರುವವರೆಲ್ಲ ಮನೆಗೆ ಬರುತ್ತಾರೆ. ಪ್ರತಿ ತಂಡಕ್ಕೂ ಒಂಬತ್ತು ಸರದಿ (ಇನಿಂಗ್ಸ್), ಪ್ರತಿ ಸರದಿಗೂ ಮೂರು ಔಟ್. ಸಮಬಲವಾದರೆ ಹೆಚ್ಚುವರಿ ಇನಿಂಗ್ಸ್. ಪಂದ್ಯಕ್ಕೆ ಇಷ್ಟೇ ಹೊತ್ತು ಎಂಬ ಮಿತಿಯಿಲ್ಲ, ಯಾರಾದರೂ ಗೆಲ್ಲುವವರೆಗೆ ನಡೆಯುತ್ತಲೇ ಇರುತ್ತದೆ. ಪ್ರವಾಸಿ ತಂಡ ಮೊದಲು ಬ್ಯಾಟ್ ಮಾಡುತ್ತದೆ. ಹಾಗಾಗಿ ಒಂಬತ್ತನೇ ಸರದಿಯಲ್ಲೋ ಅದರ ಆಚೆಗೋ ಆತಿಥೇಯರು ಮುನ್ನಡೆ ಪಡೆದ ಕ್ಷಣವೇ ಪಂದ್ಯ ಮುಗಿಯಿತು.

ಹಗೆತನದ ಬೇರು 1920ರಲ್ಲಿದೆ. 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ದೊಡ್ಡ ತಂಡ ಎಂದರೆ ಬಾಸ್ಟನ್. 1903, 1912, 1915, 1916 ಮತ್ತು 1918ರಲ್ಲಿ ಅದು ವರ್ಲ್ಡ್ ಸೀರೀಸ್ ಗೆದ್ದಿತ್ತು. ಯಾಂಕೀಸ್ ಆಗ ಒಂದನ್ನೂ ಗೆದ್ದಿರಲಿಲ್ಲ. ಬಾಸ್ಟನ್‌ನ ಬೇಬ್ ರೂತ್ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವರಾಗಿ ಬಂದು, 1919ರ ಹೊತ್ತಿಗೆ ಒಂದೇ ಋತುವಿನಲ್ಲಿ 29 ಹೋಮ್ ರನ್ ಹೊಡೆದು ಆ ಕಾಲದ ದಾಖಲೆ ಬರೆದಿದ್ದರು. ತಂಡದ ಮಾಲೀಕ ಹ್ಯಾರಿ ಫ್ರೇಜಿ ನಾಟಕ ನಿರ್ಮಾಪಕರೂ ಹೌದು, ಸಾಲಗಾರರೂ ಹೌದು. 1 ಲಕ್ಷ ಡಾಲರ್‌ಗೆ ಅವರು ರೂತ್‌ರನ್ನು ಯಾಂಕೀಸ್‌ಗೆ ಮಾರಿದರು. ಮಾರಾಟದ ಸುದ್ದಿ 1920ರ ಜನವರಿಯಲ್ಲಿ ಹೊರಬಿತ್ತು. ಯಾಂಕೀಸ್ ಮಾಲೀಕರು ಫ್ರೇಜಿಗೆ ಬೇರೆಯಾಗಿ ದೊಡ್ಡ ಸಾಲವನ್ನೂ ಕೊಟ್ಟರು. ಅದಕ್ಕೆ ಅಡಮಾನವಾಗಿ ಇಟ್ಟದ್ದು ಬಾಸ್ಟನ್ನಿನ ತವರು ಮೈದಾನ ಫೆನ್‌ವೇ ಪಾರ್ಕನ್ನೇ! ‘ನೋ ನೋ ನ್ಯಾನೆಟ್’ ನಾಟಕಕ್ಕೆ ಹಣ ಹೊಂದಿಸಲು ರೂತ್‌ರನ್ನು ಮಾರಿದರು ಎಂಬ ಮಾತು ಇಂದಿಗೂ ಓಡಾಡುತ್ತದೆ. ಆದರೆ ಆ ನಾಟಕ ಬ್ರಾಡ್‌ವೇಗೆ ಬಂದದ್ದು 1925ರಲ್ಲಿ.

ನ್ಯೂಯಾರ್ಕಿನಲ್ಲಿ ರೂತ್ ಮೊದಲ ವರ್ಷವೇ 54 ಹೋಮ್ ರನ್ ಹೊಡೆದರು, 1927ರಲ್ಲಿ 60. 1923ರಲ್ಲಿ ಯಾಂಕೀಸ್ ತನ್ನ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು, 2000ದ ಹೊತ್ತಿಗೆ ಆ ಸಂಖ್ಯೆ 26 ಮುಟ್ಟಿತ್ತು. ಬಾಸ್ಟನ್ ಖಾತೆಯಲ್ಲಿ 1918ರ ನಂತರ ಒಂದೂ ಇಲ್ಲ. 1946, 1967, 1975 ಮತ್ತು 1986ರಲ್ಲಿ ಅದು ಫೈನಲ್ ತಲುಪಿತು, ನಾಲ್ಕು ಸಲವೂ ಏಳನೇ ಪಂದ್ಯದಲ್ಲಿ ಸೋತಿತು. ಇನ್ನು ಯಾಂಕೀಸ್ ಕೈಯಲ್ಲೇ ತಿಂದ ಪೆಟ್ಟುಗಳು ಬೇರೆ. 1978ರ ಜುಲೈನಲ್ಲಿ ಯಾಂಕೀಸ್‌ಗಿಂತ 14 ಪಂದ್ಯಗಳಷ್ಟು ಮುಂದಿದ್ದ ಬಾಸ್ಟನ್, ಋತುವಿನ ಕೊನೆಗೆ ಅವರೊಂದಿಗೆ ಸಮವಾಗಿ ನಿಂತಿತು. ಅಕ್ಟೋಬರ್ 2ರ ನಿರ್ಣಾಯಕ ಪಂದ್ಯದಲ್ಲಿ, ದೊಡ್ಡ ಹೊಡೆತಕ್ಕೆ ಹೆಸರೇ ಇಲ್ಲದ ಬಕಿ ಡೆಂಟ್, ಫೆನ್‌ವೇಯ ಎಡಭಾಗದ 37 ಅಡಿ ಎತ್ತರದ ಹಸಿರು ಗೋಡೆಯ ಮೇಲಿಂದ ಚೆಂಡನ್ನು ಆಚೆ ಹಾಕಿದರು. ಬಾಸ್ಟನ್ 5–4ರಿಂದ ಸೋತಿತು.

ರೂತ್‌ರ ಅಡ್ಡಹೆಸರು ‘ಬಾಂಬಿನೊ’. ಬಾಸ್ಟನ್ ಪತ್ರಕರ್ತ ಡ್ಯಾನ್ ಶಾನೆಸಿ 1990ರಲ್ಲಿ ಬರೆದ ಪುಸ್ತಕದಿಂದ ‘ಬಾಂಬಿನೊ ಶಾಪ’ ಎಂಬ ಮಾತು ಮನೆಮಾತಾಯಿತು. ಶಾಪ ಎಂದುಬಿಟ್ಟರೆ ಯಾರ ತಪ್ಪನ್ನೂ ಹುಡುಕಬೇಕಾಗಿಲ್ಲ. ಆದರೆ ಹುಡುಕಬೇಕಾದ ತಪ್ಪುಗಳಿದ್ದವು. 1945ರ ಏಪ್ರಿಲ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಫೆನ್‌ವೇ ಪಾರ್ಕಿಗೆ ಬಂದು ಪರೀಕ್ಷೆ ಕೊಟ್ಟುಹೋದರು. ಬಾಸ್ಟನ್ ಅವರನ್ನು ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ನಂತರ ಬ್ರೂಕ್ಲಿನ್ ಡಾಜರ್ಸ್ ಪರ ಕಣಕ್ಕಿಳಿದ ರಾಬಿನ್ಸನ್ ಅಮೆರಿಕದ ಕ್ರೀಡೆಯ ದಿಕ್ಕನ್ನೇ ಬದಲಿಸಿದರು. ಬಾಸ್ಟನ್ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್‌ಗೆ ಅಂಗಿ ತೊಡಿಸಿದ್ದು 1959ರಲ್ಲಿ, ಲೀಗಿನ ಎಲ್ಲ ತಂಡಗಳಿಗಿಂತ ಕೊನೆಗೆ. ಒಂದು ತಲೆಮಾರಿನ ಅತ್ಯುತ್ತಮ ಆಟಗಾರರಿಗೆ ಬಾಗಿಲು ಹಾಕಿಕೊಂಡು ಕೂತ ತಂಡ ಸೋತದ್ದಕ್ಕೆ ಸತ್ತವರ ಶಾಪವನ್ನು ಹೊಣೆ ಮಾಡುವುದು ನ್ಯಾಯವಲ್ಲ.

2002ರಲ್ಲಿ ತಂಡ ಜಾನ್ ಹೆನ್ರಿ ನೇತೃತ್ವದ ಹೊಸ ಮಾಲೀಕರ ಕೈಗೆ ಬಂತು. ಆ ವರ್ಷದ ಕೊನೆಗೆ 28ರ ಹರೆಯದ ಥಿಯೊ ಎಪ್‌ಸ್ಟೀನ್ ಜನರಲ್ ಮ್ಯಾನೇಜರ್ ಆದರು. ಅಂಕಿಅಂಶಗಳಿಂದ ಆಟವನ್ನು ಓದುವ ವಿಧಾನಕ್ಕೆ ಹೆಸರಾದ ಬಿಲ್ ಜೇಮ್ಸ್ ಸಲಹೆಗಾರರಾಗಿ ಬಂದರು. ಮಿನೆಸೊಟ ತಂಡ ಬೇಡವೆಂದು ಬಿಟ್ಟಿದ್ದ ಡೊಮಿನಿಕನ್ ಆಟಗಾರ ಡೇವಿಡ್ ಆರ್ಟಿಜ್‌ರನ್ನು 2003ರ ಜನವರಿಯಲ್ಲಿ ಬಾಸ್ಟನ್ ಸೇರಿಸಿಕೊಂಡಿತು. ಬಾಸ್ಟನ್ ಬಡ ತಂಡವೇನಲ್ಲ. ಸಂಬಳದ ಲೆಕ್ಕದಲ್ಲಿ ಯಾಂಕೀಸ್ ಮೊದಲನೆಯದಾದರೆ 2004ರಲ್ಲಿ ಬಾಸ್ಟನ್ ಎರಡನೆಯದು. ಬದಲಾದದ್ದು ಆ ಹಣವನ್ನು ಯಾರ ಮೇಲೆ, ಏಕೆ ಹಾಕಬೇಕು ಎಂಬ ಯೋಚನೆ.

ಆದರೂ 2003ರ ಅಕ್ಟೋಬರ್ ಮತ್ತೊಂದು ಗಾಯ ಕೊಟ್ಟಿತು. ಇದೇ ಚಾಂಪಿಯನ್‌ಷಿಪ್ ಸರಣಿಯ ಏಳನೇ ಪಂದ್ಯ. ಎಂಟನೇ ಇನಿಂಗ್ಸ್‌ನಲ್ಲಿ ಬಾಸ್ಟನ್ 5–2ರಿಂದ ಮುಂದಿದೆ, ಗೆಲುವಿಗೆ ಬೇಕಾದದ್ದು ಐದೇ ಔಟ್. ದಣಿದಿದ್ದ ಪಿಚರ್ ಪೆಡ್ರೊ ಮಾರ್ಟಿನೆಜ್‌ರನ್ನು ಮ್ಯಾನೇಜರ್ ಗ್ರೇಡಿ ಲಿಟಲ್ ಬದಲಿಸಲಿಲ್ಲ. ಯಾಂಕೀಸ್ ಸಮ ಮಾಡಿತು. 11ನೇ ಇನಿಂಗ್ಸ್‌ನಲ್ಲಿ ಟಿಮ್ ವೇಕ್‌ಫೀಲ್ಡ್ ಎಸೆದ ಚೆಂಡನ್ನು ಆರನ್ ಬೂನ್ ಬೇಲಿಯಾಚೆ ಅಟ್ಟಿದರು. ಲಿಟಲ್ ಕೆಲಸ ಹೋಯಿತು, ಟೆರಿ ಫ್ರಾಂಕೋನಾ ಬಂದರು. ಅರಿಜೋನಾದಿಂದ ಪಿಚರ್ ಕರ್ಟ್ ಶಿಲ್ಲಿಂಗ್ ಬಂದರು. ಅದೇ ಚಳಿಗಾಲದಲ್ಲಿ ಅಲೆಕ್ಸ್ ರೋಡ್ರಿಗೆಜ್‌ರನ್ನು ತರಲು ಬಾಸ್ಟನ್ ಬಹುತೇಕ ಮಾತು ಮುಗಿಸಿತ್ತು. ಸಂಬಳ ಕಡಿತಕ್ಕೆ ಆಟಗಾರರ ಸಂಘ ಒಪ್ಪದೆ ಅದು ಮುರಿದುಬಿತ್ತು, ರೋಡ್ರಿಗೆಜ್ 2004ರ ಫೆಬ್ರುವರಿಯಲ್ಲಿ ಯಾಂಕೀಸ್ ಪಾಲಾದರು.

2004ರ ಋತುವಿನ 162 ಪಂದ್ಯಗಳಲ್ಲಿ ಯಾಂಕೀಸ್ 101 ಗೆದ್ದಿತು, ಬಾಸ್ಟನ್ 98. ಪರಸ್ಪರ ಆಡಿದ 19ರಲ್ಲಿ 11 ಬಾಸ್ಟನ್‌ಗೆ. ಜುಲೈ 31ರಂದು, ಆಟಗಾರರ ವಿನಿಮಯದ ಕೊನೆಯ ದಿನ, ಬಾಸ್ಟನ್ ತನ್ನ ಕಣ್ಮಣಿ ನೋಮಾರ್ ಗಾರ್ಸಿಯಪಾರಾರನ್ನೇ ಬಿಟ್ಟುಕೊಟ್ಟಿತು. ಊರಿಗೆ ಊರೇ ಬೇಸರಗೊಂಡಿತು. ಅದೇ ದಿನ ಬೇರೊಂದು ಒಪ್ಪಂದದಲ್ಲಿ ಲಾಸ್ ಏಂಜಲೀಸ್ ಡಾಜರ್ಸ್‌ನಿಂದ ಡೇವ್ ರಾಬರ್ಟ್ಸ್ ಎಂಬ ಓಟಗಾರ ಬಂದದ್ದನ್ನು ಹೆಚ್ಚಿನವರು ಗಮನಿಸಲೂ ಇಲ್ಲ.

ಸರಣಿಯ ಮೊದಲ ಪಂದ್ಯದಲ್ಲಿ ಶಿಲ್ಲಿಂಗ್ ಮೂರೇ ಇನಿಂಗ್ಸ್‌ನಲ್ಲಿ ಆರು ರನ್ ಕೊಟ್ಟರು. ಅವರ ಬಲಗಾಲಿನ ಹರಡಿನ ಬಳಿ ಸ್ನಾಯುಬಂಧ ಜಾಗ ಬಿಟ್ಟು ಸರಿಯುತ್ತಿತ್ತು. 10–7ರಿಂದ ಯಾಂಕೀಸ್ ಗೆದ್ದಿತು. ಎರಡನೆಯದು 3–1. ಮಳೆಯಿಂದ ಒಂದು ದಿನ ಮುಂದಕ್ಕೆ ಹೋದ ಮೂರನೆಯದು ಬಾಸ್ಟನ್ನಿನ ತವರಿನಲ್ಲೇ 19–8. ಇಷ್ಟು ಹೀನಾಯವಾಗಿ ಸೋತ ರಾತ್ರಿಯ ಮಾರನೆಯ ದಿನ, ಅಕ್ಟೋಬರ್ 17ರಂದು, ಮೊದಲ ಬೇಸ್ ಕಾಯುವ ಕೆವಿನ್ ಮಿಲರ್ ಮೈದಾನದಲ್ಲಿ ಕಂಡವರಿಗೆಲ್ಲ ಒಂದೇ ಲೆಕ್ಕ ಹೇಳುತ್ತಿದ್ದರು: ಇವತ್ತು ನಮ್ಮನ್ನು ಗೆಲ್ಲಲು ಬಿಟ್ಟರೆ ನಾಳೆ ಪೆಡ್ರೊ ಇದ್ದಾರೆ, ಆಮೇಲೆ ಶಿಲ್ಲಿಂಗ್ ಇದ್ದಾರೆ, ಏಳನೇ ಪಂದ್ಯದಲ್ಲಿ ಏನು ಬೇಕಾದರೂ ಆಗಬಹುದು.

ನಾಲ್ಕನೇ ಪಂದ್ಯದ ಒಂಬತ್ತನೇ ಇನಿಂಗ್ಸ್. ಯಾಂಕೀಸ್ 4, ಬಾಸ್ಟನ್ 3. ಬಾಸ್ಟನ್‌ಗೆ ಉಳಿದಿರುವುದು ಮೂರು ಔಟ್. ಚೆಂಡು ಮರಿಯಾನೊ ರಿವೇರಾ ಕೈಯಲ್ಲಿದೆ. ಪನಾಮಾದ ಈ ಪಿಚರ್ ಪಂದ್ಯದ ಕೊನೆಯನ್ನು ಕಾಯುವ ಕಲೆಯಲ್ಲಿ ಅದ್ವಿತೀಯರು. ಮುಂದೆ 652 ಪಂದ್ಯ ಉಳಿಸಿಕೊಟ್ಟ ದಾಖಲೆಯೊಂದಿಗೆ ನಿವೃತ್ತರಾಗಿ, 2019ರಲ್ಲಿ ಒಂದು ಮತವೂ ತಪ್ಪದಂತೆ ಹಾಲ್ ಆಫ್ ಫೇಮ್ ಸೇರಿದ ಮೊದಲ ಆಟಗಾರ. ಅಂಥ ರಿವೇರಾ ಆ ಸರದಿಯ ಮೊದಲ ಬ್ಯಾಟರ್ ಮಿಲರ್‌ಗೆ ನಾಲ್ಕು ಕೆಟ್ಟ ಎಸೆತ ಹಾಕಿದರು. ನಾಲ್ಕು ಕೆಟ್ಟ ಎಸೆತವಾದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಮಿಲರ್ ನಿಧಾನಗಾಲಿನವರು. ಫ್ರಾಂಕೋನಾ ಅವರ ಬದಲಿಗೆ ರಾಬರ್ಟ್ಸ್‌ರನ್ನು ಓಡಲು ಕಳಿಸಿದರು. ಕಳಿಸುವಾಗ ಮಾತಾಡಲಿಲ್ಲ, ಕಣ್ಣು ಮಿಟುಕಿಸಿದರು.

ರಾಬರ್ಟ್ಸ್ ಅಲ್ಲಿಗೆ ಬಂದದ್ದು ಏಕೆಂದು ಮೈದಾನದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಕ್ರಿಕೆಟ್‌ನಲ್ಲಿ ಬೌಲರ್ ಚೆಂಡು ಬಿಡುವ ಮೊದಲೇ ನಾನ್‌ಸ್ಟ್ರೈಕರ್ ಕ್ರೀಸ್ ಬಿಟ್ಟರೆ ರನೌಟ್ ಆಗುವ ಭಯ, ಜೊತೆಗೆ ನೀತಿಯ ಚರ್ಚೆ. ಬೇಸ್‌ಬಾಲ್‌ನಲ್ಲಿ ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಿಲ್ಲುವುದು ಹಕ್ಕು, ಪಿಚರ್ ಎಸೆಯಲು ಹೊರಟ ಗಳಿಗೆಯಲ್ಲಿ ಮುಂದಿನ ಬೇಸ್‌ಗೆ ನುಗ್ಗುವುದು ಕಲೆ. ಅದಕ್ಕೆ ‘ಸ್ಟೀಲ್’, ಅಂದರೆ ಕದಿಯುವುದು ಎಂದೇ ಹೆಸರು. ಕಳ್ಳನಿಗೆ ಸಿಗುವ ಸಮಯ ಸುಮಾರು ಮೂರೂಕಾಲು ಸೆಕೆಂಡ್. ಅಷ್ಟರಲ್ಲಿ ಚೆಂಡು ಪಿಚರ್‌ನಿಂದ, ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್‌ಗೆ, ಕ್ಯಾಚರ್‌ನಿಂದ ಎರಡನೇ ಬೇಸ್‌ಗೆ ಹೋಗಿಬಿಡುತ್ತದೆ. 1962ರಲ್ಲಿ 104 ಬೇಸ್ ಕದ್ದ ಮೌರಿ ವಿಲ್ಸ್, ಡಾಜರ್ಸ್‌ನಲ್ಲಿ ರಾಬರ್ಟ್ಸ್‌ಗೆ ಗುರುವಾಗಿದ್ದವರು. ನೀನು ಓಡುತ್ತೀಯೆಂದು ಎಲ್ಲರಿಗೂ ಗೊತ್ತಿರುವ ದಿನವೊಂದು ಬರುತ್ತದೆ, ಆ ದಿನ ಹೆದರಬೇಡ ಎಂದು ವಿಲ್ಸ್ ಹೇಳಿದ್ದನ್ನು ರಾಬರ್ಟ್ಸ್ ಮುಂದೆ ಎಷ್ಟೋ ಸಲ ನೆನೆದಿದ್ದಾರೆ.

ರಿವೇರಾ ಬ್ಯಾಟರ್‌ಗೆ ಎಸೆಯಲಿಲ್ಲ. ತಿರುಗಿ ಮೊದಲ ಬೇಸ್‌ಗೆ ಎಸೆದರು. ರಾಬರ್ಟ್ಸ್ ಹಿಂದಕ್ಕೆ ಜಾರಿ ಬೇಸ್ ಮುಟ್ಟಿದರು. ರಿವೇರಾ ಮತ್ತೆ ಎಸೆದರು. ಮೂರನೆಯ ಸಲವೂ ಎಸೆದರು, ರಾಬರ್ಟ್ಸ್ ಮತ್ತೆ ಉಳಿದರು. ಬಹಳ ಹೊತ್ತು ಬೆಂಚಿನ ಮೇಲೆ ತಣ್ಣಗೆ ಕುಳಿತಿದ್ದ ರಾಬರ್ಟ್ಸ್ ಮೈ ಬಿಸಿಯಾದದ್ದು ಈ ಮೂರು ಎಸೆತಗಳಿಂದಲೇ. ಕೊನೆಗೆ ರಿವೇರಾ ಬಿಲ್ ಮ್ಯೂಲರ್‌ಗೆ ಮೊದಲ ಚೆಂಡು ಎಸೆದರು, ರಾಬರ್ಟ್ಸ್ ಹೊರಟೇಬಿಟ್ಟರು. ಕ್ಯಾಚರ್ ಹೋರ್ಹೆ ಪೊಸಾಡಾ ಎಸೆತ ಚೆನ್ನಾಗಿಯೇ ಇತ್ತು. ಎರಡನೇ ಬೇಸ್ ಬಳಿ ಡೆರೆಕ್ ಜೀಟರ್ ಚೆಂಡು ಹಿಡಿದು ಕೈಗವಸನ್ನು ಕೆಳಗಿಳಿಸುವಷ್ಟರಲ್ಲಿ, ಮುಂಗೈ ಮುಂದೆ ಚಾಚಿ ಹೊಟ್ಟೆಯ ಮೇಲೆ ಜಾರಿಬಂದ ರಾಬರ್ಟ್ಸ್ ಬೆರಳುಗಳು ಬೇಸ್ ಮುಟ್ಟಿದ್ದವು. ಅಂಪೈರ್ ಎರಡೂ ಕೈ ಅಗಲಿಸಿದರು: ಸೇಫ್. ಗೇಣುದ್ದದ ವ್ಯತ್ಯಾಸ. ಅದು ಅತ್ತ ಕಡೆಗೆ ಆಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಮ್ಯೂಲರ್ ನೆಲಮಟ್ಟದಲ್ಲಿ ಹೊಡೆದ ಚೆಂಡು ರಿವೇರಾ ಪಕ್ಕದಿಂದ ನಡುಮೈದಾನಕ್ಕೆ ಓಡಿತು, ರಾಬರ್ಟ್ಸ್ ಮೂರನೇ ಬೇಸ್ ಸುತ್ತಿ ಮನೆಗೆ ಬಂದರು. 4–4. ಪಂದ್ಯ ಮುಗಿದದ್ದು 12ನೇ ಇನಿಂಗ್ಸ್‌ನಲ್ಲಿ, ಆರ್ಟಿಜ್ ಹೊಡೆದ ಎರಡು ರನ್ನಿನ ಹೋಮ್ ರನ್‌ನಿಂದ. ಗಡಿಯಾರ ರಾತ್ರಿ 1:22 ತೋರಿಸುತ್ತಿತ್ತು.

ಅದೇ ದಿನ ಸಂಜೆ ಐದರ ಹೊತ್ತಿಗೆ ಮತ್ತೆ ಆಟ. ಐದನೇ ಪಂದ್ಯ ನಡೆದದ್ದು 5 ಗಂಟೆ 49 ನಿಮಿಷ, 14 ಇನಿಂಗ್ಸ್. ಎಂಟನೇ ಇನಿಂಗ್ಸ್‌ನಲ್ಲಿ ಬಾಸ್ಟನ್ 4–2ರಿಂದ ಹಿಂದಿತ್ತು. ಆರ್ಟಿಜ್ ಹೋಮ್ ರನ್ ಹೊಡೆದು ಅಂತರವನ್ನು ಒಂದು ರನ್ನಿಗೆ ಇಳಿಸಿದರು. ಮಿಲರ್ ಮತ್ತೆ ಪುಕ್ಕಟೆ ಬೇಸ್ ಪಡೆದರು, ರಾಬರ್ಟ್ಸ್ ಮತ್ತೆ ಅವರ ಬದಲಿಗೆ ಓಡಿದರು, ಮತ್ತೆ ಮನೆಗೆ ಬಂದರು. ಒಂಬತ್ತರಲ್ಲಿ ಯಾಂಕೀಸ್‌ನ ಟೋನಿ ಕ್ಲಾರ್ಕ್ ಬಲಮೂಲೆಗೆ ಹೊಡೆದ ಚೆಂಡು ನೆಲಕ್ಕೆ ಪುಟಿದು ಪ್ರೇಕ್ಷಕರ ನಡುವೆ ಬಿತ್ತು. ಹಾಗೆ ಬಿದ್ದರೆ ಓಟಗಾರರಿಗೆ ಎರಡೇ ಬೇಸ್ ಎಂಬುದು ನಿಯಮ. ಅದು ಮೈದಾನದೊಳಗೇ ಉಳಿದಿದ್ದರೆ ಯಾಂಕೀಸ್ ಮುನ್ನಡೆ ಪಡೆಯುವ ಸಂಭವ ದೊಡ್ಡದಿತ್ತು. 12ರಿಂದ 14ರವರೆಗೆ ಎಸೆದವರು ವೇಕ್‌ಫೀಲ್ಡ್. ಹಿಂದಿನ ವರ್ಷ ಬೂನ್‌ಗೆ ಆ ಚೆಂಡು ಎಸೆದು ತಲೆತಗ್ಗಿಸಿ ಹೋದವರು ಇವರೇ. ಇವರ ನಕಲ್‌ಬಾಲ್ ತಿರುಗದೆ ಗಾಳಿಯಲ್ಲಿ ತೇಲಿ ಎತ್ತಲೋ ವಾಲುತ್ತದೆ. ಅದನ್ನು ಹಿಡಿದು ರೂಢಿಯಿಲ್ಲದ ಕ್ಯಾಚರ್ ಜೇಸನ್ ವಾರಿಟೆಕ್, 13ನೇ ಇನಿಂಗ್ಸ್‌ನಲ್ಲಿ ಮೂರು ಸಲ ಕೈತಪ್ಪಿಸಿಕೊಂಡರು, ಓಟಗಾರರು ಮೂರನೇ ಬೇಸ್‌ವರೆಗೂ ಬಂದರು. ರನ್ ಮಾತ್ರ ಬರಲಿಲ್ಲ. 14ರಲ್ಲಿ ಆರ್ಟಿಜ್ ಹತ್ತನೇ ಚೆಂಡಿನವರೆಗೂ ಜಗ್ಗಾಡಿ ನಡುಮೈದಾನಕ್ಕೆ ಬೀಳಿಸಿದರು, ಜಾನಿ ಡೇಮನ್ ಎರಡನೇ ಬೇಸ್‌ನಿಂದ ಓಡಿಬಂದು ಗೆಲುವಿನ ರನ್ ಗಳಿಸಿದರು. ಒಂದೇ ಕ್ಯಾಲೆಂಡರ್ ದಿನದಲ್ಲಿ ಒಬ್ಬನೇ ಆಟಗಾರ ಎರಡು ಪಂದ್ಯ ಗೆಲ್ಲಿಸಿದ್ದು ಹೀಗೆ.

ಆರನೇ ಪಂದ್ಯ ಶಿಲ್ಲಿಂಗ್ ಕಾಲಿನ ಕಥೆ. ತಂಡದ ವೈದ್ಯರು ಅವರ ಹರಡಿನ ಚರ್ಮವನ್ನು ಒಳಗಿನ ಅಂಗಾಂಶಕ್ಕೆ ಹೊಲಿದು, ಸ್ನಾಯುಬಂಧ ಸರಿಯದಂತೆ ತಾತ್ಕಾಲಿಕ ಗೋಡೆಯೊಂದನ್ನು ಕಟ್ಟಿದರು. ಅಂಥದ್ದನ್ನು ಆಟಗಾರನ ಮೇಲೆ ಯಾರೂ ಮಾಡಿ ನೋಡಿರಲಿಲ್ಲ, ಹಾಗಾಗಿ ಮೊದಲು ಶವದ ಕಾಲಿನ ಮೇಲೆ ಪರೀಕ್ಷಿಸಿದರು. ಬಿಳಿಯ ಕಾಲುಚೀಲದ ಮೇಲೆ ರಕ್ತದ ಕಲೆ ಹರಡುತ್ತಿರುವುದನ್ನು ಟಿವಿ ಕ್ಯಾಮೆರಾ ಮತ್ತೆ ಮತ್ತೆ ತೋರಿಸಿತು. ಶಿಲ್ಲಿಂಗ್ ಏಳು ಇನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರು. ಆ ರಾತ್ರಿ ಅಂಪೈರ್‌ಗಳು ಎರಡು ತೀರ್ಪುಗಳನ್ನು ಕೂಡಿ ಚರ್ಚಿಸಿ ತಿದ್ದಿದರು. ಆಗ ಮರುಪರಿಶೀಲನೆಗೆ ವಿಡಿಯೊ ಇರಲಿಲ್ಲವೆಂಬುದನ್ನು ಗಮನಿಸಬೇಕು. ಮಾರ್ಕ್ ಬೆಲ್‌ಹಾರ್ನ್ ಹೊಡೆದ ಚೆಂಡು ಪ್ರೇಕ್ಷಕನೊಬ್ಬನಿಗೆ ತಗುಲಿ ಮೈದಾನಕ್ಕೆ ಮರಳಿತ್ತು. ಮೊದಲು ತಪ್ಪಾಗಿ ಎಣಿಸಿದ್ದನ್ನು ಮೂರು ರನ್ನಿನ ಹೋಮ್ ರನ್ ಎಂದು ಸರಿಪಡಿಸಿದರು. ಎಂಟನೇ ಇನಿಂಗ್ಸ್‌ನಲ್ಲಿ ಮೊದಲ ಬೇಸ್‌ನತ್ತ ಓಡುತ್ತಿದ್ದ ರೋಡ್ರಿಗೆಜ್, ಚೆಂಡು ಹಿಡಿದು ತನ್ನನ್ನು ಮುಟ್ಟಲು ಬಂದ ಪಿಚರ್ ಬ್ರಾನ್ಸನ್ ಅರೋಯೊ ಕೈಗೆ ಹೊಡೆದು ಚೆಂಡು ಬೀಳಿಸಿದರು. ಅವರನ್ನು ಔಟ್ ಎಂದರು, ಆ ಗೊಂದಲದಲ್ಲಿ ಬಂದ ರನ್ ರದ್ದಾಯಿತು. ಕೆರಳಿದ ಪ್ರೇಕ್ಷಕರು ಮೈದಾನಕ್ಕೆ ಕಸ ಎಸೆದರು, ಒಂಬತ್ತನೇ ಇನಿಂಗ್ಸ್‌ನಲ್ಲಿ ಶಿರಸ್ತ್ರಾಣ ತೊಟ್ಟ ಪೊಲೀಸರು ಅಂಚಿನಲ್ಲಿ ಸಾಲಾಗಿ ಕುಳಿತರು. ಬಾಸ್ಟನ್ 4–2ರಿಂದ ಗೆದ್ದಿತು.

ಏಳನೇ ಪಂದ್ಯಕ್ಕೆ ಮುನ್ನ ವಿಧ್ಯುಕ್ತವಾಗಿ ಮೊದಲ ಚೆಂಡು ಎಸೆಯಲು ಯಾಂಕೀಸ್ ಕರೆಸಿದ್ದು ಬಕಿ ಡೆಂಟ್‌ರನ್ನು. 1978 ನೆನಪಿದೆಯೇ ಎಂದು ಕೇಳಿದಂತೆ. ಆದರೆ ಆ ಪಂದ್ಯದಲ್ಲಿ ಹೇಳಿಕೊಳ್ಳುವಂಥ ಹೋರಾಟವೇ ನಡೆಯಲಿಲ್ಲ. ಮೊದಲ ಇನಿಂಗ್ಸ್‌ನಲ್ಲೇ ಆರ್ಟಿಜ್ ಹೋಮ್ ರನ್. ಅಲ್ಲಿಯವರೆಗೆ ಸರಣಿಯಲ್ಲಿ ಸೊರಗಿದ್ದ ಡೇಮನ್, ಎರಡನೇ ಇನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಹೊಡೆದು ನಾಲ್ಕು ರನ್ ತಂದರು. ನಾಲ್ಕನೇ ಇನಿಂಗ್ಸ್‌ನಲ್ಲಿ ಇನ್ನೊಮ್ಮೆ ಬೇಲಿ ದಾಟಿಸಿದರು. ಎರಡೇ ದಿನದ ವಿಶ್ರಾಂತಿಯ ಮೇಲೆ ಬಂದ ಡೆರೆಕ್ ಲೋ ಆರು ಇನಿಂಗ್ಸ್‌ನಲ್ಲಿ ಒಂದೇ ಹಿಟ್ ಬಿಟ್ಟುಕೊಟ್ಟರು. 10–3. ಸರಣಿಶ್ರೇಷ್ಠ ಆರ್ಟಿಜ್.

ಒಂದು ವಾರದ ನಂತರ, ಚಂದ್ರಗ್ರಹಣದ ಅಕ್ಟೋಬರ್ 27ರ ರಾತ್ರಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ಸರಣಿಯಲ್ಲಿ 4–0ಯಿಂದ ಮಣಿಸಿ ಬಾಸ್ಟನ್ 86 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು. 2007, 2013 ಮತ್ತು 2018ರಲ್ಲಿ ಮತ್ತೆ ಗೆದ್ದಿತು. ಎರಡೂ ತಂಡಗಳ ಪೈಪೋಟಿ ನಿಂತಿಲ್ಲ. 2018 ಮತ್ತು 2021ರ ಪ್ಲೇಆಫ್‌ಗಳಲ್ಲಿ ಬಾಸ್ಟನ್ ಮೇಲುಗೈ ಪಡೆದರೆ, 2025ರ ಮೂರು ಪಂದ್ಯಗಳ ಸರಣಿಯನ್ನು ಯಾಂಕೀಸ್ 2–1ರಿಂದ ತನ್ನದಾಗಿಸಿಕೊಂಡಿತು. ಆದರೆ 0–3ರಿಂದ ಎದ್ದು ಏಳು ಪಂದ್ಯಗಳ ಸರಣಿ ಗೆದ್ದ ಇನ್ನೊಂದು ತಂಡ ಮೇಜರ್ ಲೀಗ್‌ನಲ್ಲಿ ಆಮೇಲೆ ಬಂದಿಲ್ಲ. 2020ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಏಳನೇ ಪಂದ್ಯದವರೆಗೆ ಬಂದು ಅಲ್ಲಿ ಸೋತಿತು.

2004ರ ಡಿಸೆಂಬರ್‌ನಲ್ಲೇ ಬಾಸ್ಟನ್ ಡೇವ್ ರಾಬರ್ಟ್ಸ್‌ರನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಕೊಟ್ಟುಬಿಟ್ಟಿತು. 2018ರ ವರ್ಲ್ಡ್ ಸೀರೀಸ್‌ಗೆ ಅವರು ಎದುರಾಳಿ ಲಾಸ್ ಏಂಜಲೀಸ್ ಡಾಜರ್ಸ್‌ನ ಮ್ಯಾನೇಜರ್ ಆಗಿ ಫೆನ್‌ವೇಗೆ ಮರಳಿದಾಗ, ಬಾಸ್ಟನ್ ಪ್ರೇಕ್ಷಕರು ದೊಡ್ಡ ಚಪ್ಪಾಳೆಯಿಂದ ಬರಮಾಡಿಕೊಂಡರು. 2004ರ ಆ ಏಳು ಪಂದ್ಯಗಳಲ್ಲಿ ರಾಬರ್ಟ್ಸ್ ಒಂದು ಚೆಂಡಿಗೂ ಬ್ಯಾಟ್ ಎತ್ತಿರಲಿಲ್ಲ.